ಸಹಾಯ ಬೇಕು: ಬಲೆಗೆ ಬೆಕ್ಕು ಬೀಳಬೇಕು, ರಕೂನ್ ಅಲ್ಲ

ಸಿಯಾಟಲ್ ಕಡೆಯ ಕನ್ನಡಿಗರೇ, ನಮಸ್ಕಾರ. ಪ್ರಾಣಿಗಳ ಶೆಲ್ಟರ್‌ನಿಂದ ತಂದ ಐದು ವಾರದ ಮೂರು ಬೆಕ್ಕಿನ ಮರಿಗಳು ಬಾತ್‌ರೂಮಲ್ಲಿ ಆರಾಮಾಗಿವೆ. ಚಿಂತೆ ಹಿತ್ತಲಿನದು. ಅಲ್ಲಿಗೆ ಬರೋ ಬೀದಿಬೆಕ್ಕುಗಳಲ್ಲಿ ಎರಡರ ಕಿವಿ ತುದಿ ಕತ್ತರಿಸಿದೆ, ಅಂದ್ರೆ ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಬೂದು ಹೆಣ್ಣು ಬೆಕ್ಕಿಗೆ ಆಗಿಲ್ಲ, ಮೈಮುಟ್ಟೋಕೆ ಬಿಡಲ್ಲ, ಹೊಟ್ಟೆ ಬೇರೆ ಇಳಿಬಿದ್ದಿದೆ. ಬರೋದೇ ಕತ್ತಲಾದ ಮೇಲೆ. ಅದೇ ಹೊತ್ತಿಗೆ ತಾಯಿ ರಕೂನ್ (ಕಣ್ಣ ಸುತ್ತ ಕಪ್ಪು ಪಟ್ಟಿ ಇರೋ ಕಾಡುಪ್ರಾಣಿ) ಮರಿಗಳ ಸಮೇತ ಹಾಜರ್! ಪುಟ್ಟ ಕೈಗಳಿಂದ ಬೆಕ್ಕಿನ ಊಟದ ಒಂದೊಂದೇ ಕಾಳು ತೆಗೆದು ನೀರಲ್ಲಿ ಅದ್ದಿ ತಿನ್ನುತ್ತೆ. ನೋಡೋಕೆ ಮುದ್ದು ನಿಜ, ಆದ್ರೆ ಅವುಗಳ ಹಿಕ್ಕೆಯಲ್ಲಿರೋ ಜಂತುಹುಳದ ಮೊಟ್ಟೆ ಮನುಷ್ಯರ ಮಿದುಳಿಗೂ ಅಪಾಯ. ಮಗಳು ಅಲ್ಲೇ ಮಣ್ಣಲ್ಲಿ ಆಡ್ತಾಳೆ. ಮಾಮೂಲಿ ಬೋನು ಇಟ್ಟರೆ ರಕೂನೇ ಸಿಕ್ಕಿಬೀಳುತ್ತೆ. ಬೆಕ್ಕು ಒಳಗೆ ಬಂದಾಗ ಮಾತ್ರ ನಾವೇ ಹಗ್ಗ ಎಳೆದು ಬೀಳಿಸೋ ಡ್ರಾಪ್ ಟ್ರ್ಯಾಪ್ ಯಾರ ಹತ್ರ ಇದೆ? ಬಳಸಿ ಗೊತ್ತಿರೋರು ಒಂದು ರಾತ್ರಿ ಜೊತೆಗೆ ಕೂರ್ತೀರಾ? ಬೂದು ಬೆಕ್ಕನ್ನ ಮರಿ ಹಾಕೋ ಮುಂಚೆ ಹಿಡೀಬೇಕು. ದಯವಿಟ್ಟು ಮೆಸೇಜ್ ಮಾಡಿ.