ಕೆಲ್ಸ ಬಿಟ್ಟು ಪರ್ಸನಲ್ ಸ್ಟೈಲಿಸ್ಟ್ ಆಗ್ಬೇಕು ಅಂತಿದೀನಿ, ಈ ರಿಸ್ಕ್ ತಗೋಬಹುದಾ?

ಸೀರೆಹುಚ್ಚಿ
ಬೆಂಗ್ಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲ್ಸ, ವಯಸ್ಸು 31, ಈ ಕಂಪನೀಲಿ ಐದು ವರ್ಷ ತುಂಬೋಕೆ ಇನ್ನೂ ಸ್ವಲ್ಪ ತಿಂಗಳಿದೆ. ವೀಕೆಂಡ್ ಬಂದ್ರೆ ಯಾರ್ದಾದ್ರೂ ಮದ್ವೆ ಸೀರೆ ಆರಿಸೋಕೆ, ಇಂಟರ್‌ವ್ಯೂಗೆ ಏನ್ ಹಾಕ್ಕೊಳ್ಳೋದು ಹೇಳೋಕೆ, ಬೀರು ತುಂಬ ಬಟ್ಟೆ ಇಟ್ಕೊಂಡು ಹಾಕೋಕೇ ಏನಿಲ್ಲ ಅನ್ನೋರ ಬೀರು ಸರಿ ಮಾಡೋಕೆ ಹೋಗ್ತಾ ಇರ್ತೀನಿ. ಮೊದ್ಲೆಲ್ಲಾ ಕಾಫಿ ತಿಂಡಿ ಕೊಟ್ಟು ಕಳಿಸ್ತಿದ್ರು, ಈಚೆಗೆ ಒಂದಿಬ್ರು ಪರಿಚಯ ಇಲ್ದೋರೂ ಕರೆದು ದುಡ್ಡು ಕೊಟ್ರು, ಅವತ್ತಿಂದ ತಲೇಲಿ ಇದೇ ಓಡ್ತಿದೆ. ಅಮ್ಮ ಕೇಳ್ತಾರೆ, ಬಟ್ಟೆ ಹೆಂಗೆ ಹಾಕ್ಕೋಬೇಕು ಅಂತ ಹೇಳಿಸ್ಕೊಳ್ಳೋಕೂ ಯಾರಾದ್ರೂ ದುಡ್ಡು ಕೊಡ್ತಾರೇನೇ ಅಂತ. ಯಜಮಾನ್ರ ಸಂಬಳ ಇದೆ, ಮನೆ ಲೋನ್ ಇಲ್ಲ, ಮಗಳು ಯುಕೆಜಿ.

ಇನ್ನೊಂದು ವಿಷ್ಯ, ಚಿಕ್ಕಪೇಟೆಲಿ ಒಂದು ಅಂಗಡಿಯವ್ರು ಕಸ್ಟಮರ್ ಕರ್ಕೊಂಡು ಬಂದ್ರೆ ಬಿಲ್ ಮೇಲೆ ಕಮಿಷನ್ ಕೊಡ್ತೀವಿ ಅಂದಿದಾರೆ. ಒಪ್ಕೊಂಡ್ರೆ ತಿಂಗಳಿಗೆ ಒಂದು ಭರವಸೆ ಆದ್ರೂ ಇರುತ್ತಲ್ವಾ?

ನೆರಿಗೆ ಮೈಸೂರು
ನಾನು ಇದೇ ಕೆಲ್ಸದಲ್ಲಿ ಇದೀನಿ. ಕೆಲ್ಸ ಬಿಡೋದು ಆಮೇಲೆ, ಮೊದ್ಲು ಆ ಕಮಿಷನ್ ಬಗ್ಗೆ ಯೋಚ್ನೆ ಮಾಡಿ. ಅಂಗಡಿಯಿಂದ ದುಡ್ಡು ಬರೋಕೆ ಶುರುವಾದ್ರೆ "ಇದು ನಿಮಗೆ ಒಪ್ಪಲ್ಲ, ಬೇಡ ಬಿಡಿ" ಅನ್ನೋ ಮಾತು ಬಾಯಿಂದ ಹೊರಡಲ್ಲ, ಆದ್ರೆ ಜನ ನಮಗೆ ಫೀಸ್ ಕೊಡೋದು ಆ ಒಂದು ಮಾತಿಗೇನೇ. ನನ್ನ ಹತ್ರ ಒಬ್ರು ಟೀಚರ್ ಬಂದಿದ್ರು, ರಿಟೈರ್‌ಮೆಂಟ್ ಫಂಕ್ಷನ್‌ಗೆ ಹೊಸ ಸೀರೆ ಕೊಡಿಸಿ ಅಂತ. ಬೀರು ತೆಗ್ದು ನೋಡಿದ್ರೆ ಒಂದಕ್ಕಿಂತ ಒಂದು ಚೆನ್ನಾಗಿರೋ ಮೈಸೂರ್ ಸಿಲ್ಕ್, ಉಡೋಕೆ ಆಗ್ತಿಲ್ಲ ಯಾಕಂದ್ರೆ ಯಾವ ಬ್ಲೌಸ್‌ದೂ ಹುಕ್ ಹತ್ತಲ್ಲ. ಒಳಗೆ ತಿರುಗಿಸಿ ನೋಡಿದೆ, ಮುಕ್ಕಾಲು ಬ್ಲೌಸ್‌ಗಳಲ್ಲಿ ಸೈಡ್ ಹೊಲಿಗೇಲಿ ಒಂದಿಂಚು ಬಟ್ಟೆ ಬಿಟ್ಟಿದ್ರು ಪುಣ್ಯಾತ್ಮ ಟೈಲರ್. ಬಿಚ್ಚಿ ಹೊಲಿಸಿದ್ವಿ, ಅಷ್ಟೇ ಕೆಲ್ಸ, ಅವ್ರು ಒಂದೂ ಸೀರೆ ತಗೊಳ್ಲಿಲ್ಲ. ಆಮೇಲೆ ಅವ್ರ ಸ್ಟಾಫ್ ರೂಮಲ್ಲಿ ಇದ್ದೋರೆಲ್ಲಾ ನನ್ನ ಕ್ಲೈಂಟ್ಸ್. ಕಮಿಷನ್ ಮೇಲೆ ಇದ್ದಿದ್ರೆ ನಾನು ಆ ಬ್ಲೌಸ್ ತಿರುಗಿಸಿ ನೋಡ್ತಾನೇ ಇರ್ಲಿಲ್ಲ ಅಲ್ವಾ.

ವರಮಾನ ವರ್ಷ ಪೂರ್ತಿ ಒಂದೇ ಥರ ಇರಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸ ಮುಹೂರ್ತ ಇರಲ್ಲ, ಮದ್ವೆ ನಂಬ್ಕೊಂಡ್ರೆ ಆಗ ಫೋನೇ ಬರಲ್ಲ. ಆದ್ರೆ ಆಷಾಢದಲ್ಲಿ ಅಂಗಡಿಗಳಲ್ಲೆಲ್ಲಾ ಡಿಸ್ಕೌಂಟು, ಶ್ರಾವಣದ ಮದ್ವೆಗೆ ಬೇಕಾದ್ದು ಅವಾಗ್ಲೇ ಕೊಡಿಸಿಬಿಡ್ತೀನಿ, ಹಂಗಾಗಿ ನಂಗೆ ಆಷಾಢ ಖಾಲಿ ಹೋಗಲ್ಲ. ಕಷ್ಟ ಅಂದ್ರೆ ಧನುರ್ಮಾಸನೇ. ಅವಾಗ ಆಫೀಸಿಗೆ ಹೋಗೋ ಗಂಡಸ್ರದ್ದು, ಕಾಲೇಜ್ ಹುಡುಗ್ರ ಇಂಟರ್‌ವ್ಯೂದು ಹಿಡೀರಿ.

ಲೆಕ್ಕದ ಪುಸ್ತಕ
ಐದು ವರ್ಷ ತುಂಬೋಕೆ ಮುಂಚೆ ದಯವಿಟ್ಟು ಪೇಪರ್ ಹಾಕ್ಬೇಡಿ!! ಗ್ರಾಚ್ಯುಟಿ (ಕೆಲ್ಸ ಬಿಡೋವಾಗ ಕಂಪನಿ ಕೊಡೋ ದುಡ್ಡು) ಹೋಗುತ್ತೆ, ಸರ್ವೀಸ್ ಐದು ವರ್ಷ ಆಗೋಕೆ ಮುಂಚೆ ಪಿಎಫ್ ತೆಗೆದ್ರೆ ಅದಕ್ಕೂ ಟ್ಯಾಕ್ಸ್ ಬೀಳುತ್ತೆ. ಕಂಪನಿ ಇನ್ಶೂರೆನ್ಸ್ ಕೂಡ ಕೆಲ್ಸದ ಜೊತೆಗೇ ಹೋಗೋದು, ಅಪ್ಪ ಅಮ್ಮ ಅದ್ರಲ್ಲಿದ್ರೆ ಬಿಡೋಕೆ ಮುಂಚೆನೇ ಸ್ವಂತ ಪಾಲಿಸಿ ಮಾಡ್ಸಿ, ಬಿಪಿ ಶುಗರ್ ಇದ್ರೆ ಅದಕ್ಕೆ ಕ್ಲೇಮ್ ಸಿಗೋಕೆ ವೇಯ್ಟಿಂಗ್ ಪೀರಿಯಡ್ ಮೂರು ವರ್ಷದವರೆಗೂ ಇರಬಹುದು.

ಸರ್ವೀಸ್‌ಗೆ ವರ್ಷಕ್ಕೆ 20 ಲಕ್ಷ ದಾಟೋವರೆಗೂ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕಾಗಲ್ಲ, ಶುರುವಿನಲ್ಲಿ ಅದರ ಭಯ ಬೇಡ. ಆದ್ರೆ ಸ್ಟೈಲಿಸ್ಟ್‌ಗಳು ಸಿಕ್ಕಾಕ್ಕೊಳ್ಳೋದು ಎಲ್ಲಿ ಅಂದ್ರೆ, ಕ್ಲೈಂಟ್ ಬಟ್ಟೆ ದುಡ್ಡು 60,000 ನಿಮಗೆ ಯುಪಿಐ ಮಾಡ್ತಾರೆ, ನೀವು ಅಂಗಡಿಗೆ ಕೊಡ್ತೀರ, ನಿಮ್ಮ ಫೀಸ್ 5,000 ಇದ್ರೂ ಅಕೌಂಟಲ್ಲಿ ಕಾಣೋದು 65,000. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್‌ನವ್ರಿಗೆಲ್ಲಾ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದು ಬೆಂಗ್ಳೂರಲ್ಲಿ ಅಂಗಡಿ ಮುಂದೆ "ಓನ್ಲಿ ಕ್ಯಾಶ್" ಬೋರ್ಡ್ ಹಾಕಿದ್ದು ನೆನಪಿದೆಯಲ್ಲಾ. ಅದಕ್ಕೇ ಹೇಳೋದು, ಬಟ್ಟೆ ದುಡ್ಡು ಕ್ಲೈಂಟೇ ನೇರವಾಗಿ ಅಂಗಡಿಗೆ ಕೊಡ್ಲಿ, ಬಿಲ್ ಅವ್ರ ಹೆಸ್ರಲ್ಲೇ ಇರ್ಲಿ, ನಿಮ್ಮ ಅಕೌಂಟಿಗೆ ಫೀಸ್ ಮಾತ್ರ ಬರ್ಲಿ, ಅದಕ್ಕೂ ಬೇರೆ ಅಕೌಂಟ್ ಮಾಡಿ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸೋದು) ಫ್ರೀ, ಅದಕ್ಕೆ ಏಜೆಂಟ್‌ಗೆ ದುಡ್ಡು ಕೊಡ್ಬೇಡಿ.

ಹುಬ್ಬಳ್ಳಿ ಕತ್ರಿ
ನಾ ಟೇಲರ್ ಅದೀನ್ರಿ, ಸ್ಟೈಲಿಸ್ಟ್ ಅನ್ನೋರು ಫೋನಿನ್ಯಾಗ ಫೋಟೋ ತೋರ್ಸಿ ಹಿಂಗ ಹೊಲೀರಿ ಅಂತಾರ, ಅರಿವಿ ಗುಣಾನ ಗೊತ್ತಿರಂಗಿಲ್ಲ. ಮೊನ್ನೆ ಒಬ್ರು ಗುಳೇದಗುಡ್ಡ ಖಣ ತಂದು ಉದ್ದ ತೋಳು, ಹಿಂದ ದೊಡ್ಡ ಬೋ, ಎಲ್ಲಾ ಆಗ್ಬೇಕು ಅಂದ್ರು, ಖಣದ ಪನ್ನಾನ (ಅಗಲಾನ) ಸಣ್ಣದಿರ್ತದ, ಎಲ್ಲಿಂದ ತರ್ಲಿ ನಾ ಅರಿವಿ? ಜೋಡ ಹಚ್ಚಿದ್ರ ಅಂಚು ಕೂಡೂದಿಲ್ಲ. ಹಂಗ ಮೈಸೂರ್ ಸಿಲ್ಕ್ ಕ್ರೇಪ್ ಐತಿ, ಮೈಗೆ ಜಾರಿ ಬೀಳ್ತದ, ಕಂಚಿ ಗತೆ ನಿರಿಗಿ ನಿಂದ್ರಲಿ ಅಂದ್ರ ನಿಂದ್ರೂದಿಲ್ಲ. ನೌಕರಿ ಇರೂತನಕ ಶನಿವಾರಕ್ಕೊಮ್ಮೆ ಯಾರರ ಛಲೋ ಟೇಲರ್ ಅಂಗಡ್ಯಾಗ ಕುಂದರ್ರಿ ತಂಗಿ. ಕೋರ್ಸಿಗೆ ಲಕ್ಷಗಟ್ಲೆ ಸುರಿಯೂದು ಆಮ್ಯಾಲೆ ನೋಡೂಣು.

ಗಾಳಿಪಟ
ಎಲ್ರೂ ಹೆದರಿಸ್ತಿದೀರ. ಮನೇಲಿ ಇನ್ನೊಂದು ಸಂಬಳ ಇದೆ, ಸಾಲ ಇಲ್ಲ, 31 ವಯಸ್ಸು, ಇದಕ್ಕಿಂತ ಒಳ್ಳೆ ಟೈಮ್ ಯಾವಾಗ ಬರುತ್ತೆ? ವೀಕೆಂಡಲ್ಲಿ ಮಾಡ್ತಾ ಇದ್ರೆ ವೀಕೆಂಡ್ ಕ್ಲೈಂಟ್ಸೇ ಸಿಗೋದು.

ನೆರಿಗೆ ಮೈಸೂರು
@ಗಾಳಿಪಟ ಅದೂ ನಿಜಾನೇ. ಮನೇಲಿರೋ ಹೆಂಗಸ್ರು ಗಂಡ ಮಕ್ಳು ಹೊರಟ ಮೇಲೆ ಬೆಳಗ್ಗೆ 11ಕ್ಕೆ ಬನ್ನಿ ಅಂತಾರೆ, ಕೆಲ್ಸದಲ್ಲಿದ್ರೆ ಅದು ಆಗಲ್ಲ. ಆದ್ರೆ ಬಿಡೋಕೆ ಮುಂಚೆ ಒಂದು ಮಾಡಿ, ಪರಿಚಯದೋರ ಹತ್ರಾನೂ ಫೀಸ್ ಕೇಳಿ. ನಾದಿನಿ, ಓರಗಿತ್ತಿ, ಪಕ್ಕದ ಮನೆ ಆಂಟಿ, ಎಲ್ರಿಗೂ ರೇಟ್ ಹೇಳಿ. ಸಂಬಳ ಹೋಗೋದಕ್ಕಿಂತ ನಂಗೆ ಅದೇ ದೊಡ್ಡ ರಿಸ್ಕ್ ಅನ್ಸುತ್ತೆ, ಎಷ್ಟೋ ಜನ ಅಲ್ಲೇ ಕೈ ಚೆಲ್ಲಿಬಿಡ್ತಾರೆ, ನಮ್ಮವ್ರತ್ರ ದುಡ್ಡು ಕೇಳೋದು ಹೆಂಗೆ ಅಂತ. ಕೆಲವ್ರು ಮುನಿಸ್ಕೋತಾರೆ, ಮುನಿಸ್ಕೊಳ್ಲಿ.

ಸೀರೆಹುಚ್ಚಿ
ಗ್ರಾಚ್ಯುಟಿ ವಿಷ್ಯ ತಲೇಗೇ ಬಂದಿರ್ಲಿಲ್ಲ, ಥ್ಯಾಂಕ್ಸ್. ಐದು ವರ್ಷ ತುಂಬೋವರೆಗೂ ಇರ್ತೀನಿ. ಚಿಕ್ಕಪೇಟೆಯವ್ರಿಗೆ ಬೇಡ ಅಂತೀನಿ, ಕಮಿಷನ್ ಬದ್ಲು ಅಷ್ಟೇ ಡಿಸ್ಕೌಂಟ್ ಕ್ಲೈಂಟ್‌ಗೆ ಕೊಡ್ತೀರಾ ಅಂತ ಕೇಳಿ ನೋಡ್ತೀನಿ. ಓರಗಿತ್ತಿ ತಂಗಿ ಮದ್ವೆ ಮಾಘದಲ್ಲಿದೆ, ಸೀರೆ ಆರಿಸ್ಕೊಡು ಅಂತ ಆಗ್ಲೇ ಹೇಳಿದಾರೆ, ಫ್ರೀ ಅಂದ್ಕೊಂಡಿರ್ತಾರೆ. ನೆರಿಗೆ ಅವ್ರೇ, ರೇಟ್ ಫೋನಲ್ಲಿ ಹೇಳ್ತೀರಾ ಇಲ್ಲ ವಾಟ್ಸಾಪಲ್ಲಿ ಬರ್ದು ಕಳಿಸ್ತೀರಾ?

ನೆರಿಗೆ ಮೈಸೂರು
ವಾಟ್ಸಾಪ್. ಏನೇನು ಮಾಡ್ತೀನಿ, ಎಷ್ಟು ಗಂಟೆ, ಎಷ್ಟು ದುಡ್ಡು, ಅರ್ಧ ಅಡ್ವಾನ್ಸ್. ಹಿಂದೇನೇ "ಸಾರಿ" ಅಂತ ಒಂದು ಮೆಸೇಜ್ ಹಾಕೋಕೆ ಹೋಗ್ಬೇಡಿ ಮತ್ತೆ 😄