ಅಪ್‌ಡೇಟ್: ಯಾವ ಸೈಟೂ ತೆರೆಯದಿದ್ದ ಕಂಪ್ಯೂಟರ್ ಸರಿಹೋಯಿತು

ಬೀದರಿನ ನಮ್ಮ ಜೆರಾಕ್ಸ್ ಅಂಗಡಿಯ ಹಳೆ ಕಂಪ್ಯೂಟರಿನಲ್ಲಿ ಯಾವ ಸೈಟ್ ತೆರೆದರೂ ಕ್ರೋಮ್ ಸುರಕ್ಷತೆಯ ಎಚ್ಚರಿಕೆ ತೋರಿಸುತ್ತದೆ ಅಂತ ಹೋದ ವಾರ ಕೇಳಿದ್ದೆ. ನೀವು ಹೇಳಿದ ಹಾಗೆ ಇನ್‌ಕಾಗ್ನಿಟೋ (ಖಾಸಗಿ) ವಿಂಡೋದಲ್ಲಿ ನೋಡಿದೆ. ಅಲ್ಲೂ ಅದೇ ಗೋಳು. ಕ್ಯಾಶೆ, ಅಂದರೆ ಬ್ರೌಸರ್ ಉಳಿಸಿಟ್ಟ ಹಳೆ ಫೈಲುಗಳನ್ನು ಅಳಿಸಿದ್ದೂ ಸುಮ್ನೆ ದಂಡ.

ಕೊನೆಗೆ ಒಬ್ಬರು 'ತಾರೀಕು ನೋಡ್ರಿ' ಅಂದಿದ್ದು ನೆನಪಾಯಿತು. ಪರದೆಯ ಮೂಲೆಯಲ್ಲಿ 2009 ಅಂತ ಇತ್ತು! ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಶುರು, ಕೊನೆ ಎರಡೂ ತಾರೀಕು ಇರುತ್ತವೆ. ಕಂಪ್ಯೂಟರಿನ ತಾರೀಕು ಆ ಎರಡರ ನಡುವೆ ಇಲ್ಲದಿದ್ದರೆ ಬ್ರೌಸರ್ ಸೈಟನ್ನು ನಂಬುವುದಿಲ್ಲ. ಸರಿ ಮಾಡಿದೆ, ಎಲ್ಲ ತೆರೆಯಿತು.

ಮರುದಿನ ಮತ್ತೆ 2009. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುತ್ತೇವೆ ಅಲ್ವಾ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿತ್ತು. ಹೊಸ ಸಿಆರ್ 2032 ಸೆಲ್ ಹಾಕಿ ನಾಲ್ಕು ದಿನ ಆಯಿತು, ತೊಂದರೆ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿಸು ಎಂದಿದ್ದ ತಮ್ಮ ಈಗ ಚಹಾ ಕುಡಿಸಬೇಕು.