ಅಪ್‌ಡೇಟ್: ಬಿಸಿಯಾದರೆ ನಿಲ್ಲುತ್ತಿದ್ದ ಹಳೆ ಕಾರಿನ ಎಂಜಿನ್ ಸರಿಹೋಯಿತು

ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ ಮೇಲೆ ನನ್ನ ಹಳೆ ಕಾರು ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ, ಬಿಸಿಯಾದರೆ ಮಿಸ್ ಹೊಡೆದು ನಿಂತುಬಿಡುತ್ತದೆ ಅಂತ ಕೇಳಿದ್ದೆ ಅಲ್ವಾ? ಕಾರಣ ಸಿಕ್ಕಿತು. ಕಂಡೆನ್ಸರ್! (ಎ.ಸಿ.ಯದ್ದಲ್ಲ, ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್‌ನಲ್ಲಿರುವ ಪುಟ್ಟ ಭಾಗ.)

ಜಾಸ್ತಿ ಜನ ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಂಜಿನ್‌ಗೆ ಬರದಿರುವುದು) ಇರಬಹುದು ಅಂದಿರಿ. ಆದರೆ ಎಂಜಿನ್ ನಿಂತ ತಕ್ಷಣ ನೋಡಿದರೆ ಕಾರ್ಬುರೇಟರ್ ಬೌಲ್‌ನಲ್ಲಿ ಪೆಟ್ರೋಲ್ ತುಂಬಿತ್ತು. ಆಮೇಲೆ ಒಬ್ಬರು ಹೇಳಿದಂತೆ ಪ್ಲಗ್ ಬಿಚ್ಚಿ ಸ್ಪಾರ್ಕ್ ನೋಡಿದೆ. ತಣ್ಣಗಿದ್ದಾಗ ನೀಲಿಯಾಗಿ ಚಟ್ ಅನ್ನುತ್ತಿದ್ದ ಕಿಡಿ ಬಿಸಿಯಲ್ಲಿ ಹಳದಿಯಾಗಿ, ಸಣ್ಣಗೆ ಬರುತ್ತಿತ್ತು. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕ್ಯಾಪ್ ತೆಗೆದು ಸೆಲ್ಫ್ ಹೊಡೆದರೆ, ಒಳಗೆ ತೆರೆದು ಮುಚ್ಚಿ ಕರೆಂಟ್ ಕಡಿಯುವ ಪಾಯಿಂಟ್‌ಗಳ ಮಧ್ಯೆಯೇ ಜೋರಾಗಿ ಕಿಡಿ ಹಾರುತ್ತಿತ್ತು. ಅದನ್ನು ತಡೆಯುವುದೇ ಕಂಡೆನ್ಸರ್ ಕೆಲಸ. ಪಾಯಿಂಟ್‌ನ ಒಂದು ಮುಖದಲ್ಲಿ ಕಪ್ಪು ಗುಳಿ, ಎದುರಿನದರಲ್ಲಿ ಚಿಕ್ಕ ಉಬ್ಬು. ಕಂಡೆನ್ಸರ್ ಕೈಕೊಟ್ಟಾಗ ಪಾಯಿಂಟ್ ಸುಡುವುದು ಹೀಗೇ.

ಅದು ಹೊಸದಾಗಿ ಹಾಕಿದ ಕಂಡೆನ್ಸರ್. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹಳೆಯದನ್ನೇ ವಾಪಸ್ ಹಾಕಿ, ಬೇರೆ ಪಾಯಿಂಟ್ ಸೆಟ್ ಕೂರಿಸಿ, ಗ್ಯಾಪ್ 0.4 ಮಿ.ಮೀ. ಇಟ್ಟೆ. ಗ್ಯಾಪ್ ಬದಲಾದರೆ ಟೈಮಿಂಗ್ (ಕಿಡಿ ಬರುವ ಸಮಯ) ಕೂಡ ಆಚೀಚೆ ಆಗುತ್ತದೆ, ಅದನ್ನೂ ಮತ್ತೆ ಹೊಂದಿಸಿದೆ. ಈಗ ಎಷ್ಟು ಬಿಸಿಯಾದರೂ ಎಂಜಿನ್ ನಿಲ್ಲುತ್ತಿಲ್ಲ.

ಸ್ಪಾರ್ಕ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದು ಮಾತ್ರ ಇನ್ನೂ ಸ್ವಲ್ಪ ಇದೆ. ಎಂಜಿನ್ ಹೆಡ್ ಬೋಲ್ಟ್ ಇನ್ನೊಮ್ಮೆ ಟಾರ್ಕ್ ಮಾಡಿಸಿ (ಅಳತೆಯ ಬಿಗಿಗೆ ತಿರುಗಿಸಿ), ಆಮೇಲೆ ಟ್ಯಾಪೆಟ್ ಕ್ಲಿಯರೆನ್ಸ್ (ಸಂದು) ನೋಡುತ್ತೇನೆ.